ಬಣ್ಣ ಆಮೇಲೆ, ಕೆಲಸ ಮೊದಲು: ಆ್ಯಪ್‌ನ ಪರದೆ ವಿನ್ಯಾಸ ಮಾಡುವುದು ಹೇಗೆ?

ಆ್ಯಪ್ ಡಿಸೈನ್ ಕಲಿಯಲು ಹೊರಟವರು ಫಿಗ್ಮಾ ಎಂಬ ವಿನ್ಯಾಸದ ಸಾಫ್ಟ್‌ವೇರ್ ತೆರೆದ ಕೂಡಲೇ ಬಣ್ಣ ಆರಿಸಲು ಕೂರುತ್ತಾರೆ. ಅದಕ್ಕೆ ಆತುರ ಬೇಡ. ಬಳಕೆದಾರರು ಈ ಪರದೆಗೆ ಯಾವ ಕೆಲಸಕ್ಕೆ ಬಂದಿದ್ದಾರೆ ಎಂಬುದನ್ನು ಮೊದಲು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ‘ಮೊಬೈಲ್ ಸಂಖ್ಯೆ ಕೊಟ್ಟು ಖಾತೆ ತೆರೆಯಬೇಕು’. ಇಷ್ಟು ಸಾಕು, ಇದನ್ನೇ ಹಿಡಿದು ಮುಂದೆ ಹೋಗೋಣ.

ಕಾಗದದ ಮೇಲೆ ಗೀಚಿ

ಪೆನ್ಸಿಲ್ ಹಿಡಿದು ಒಂದು ಚೌಕ ಎಳೆಯಿರಿ. ಒಳಗೆ ಶೀರ್ಷಿಕೆ, ಸಂಖ್ಯೆ ತುಂಬುವ ಜಾಗ, ಒಂದು ಬಟನ್. ಡಿಸೈನರ್‌ಗಳು ವೈರ್‌ಫ್ರೇಮ್ ಅನ್ನುವುದು ಇದಕ್ಕೇ. ‘ಮುಂದುವರಿಯಿರಿ’, ‘ಲಾಗಿನ್’, ‘ಸಹಾಯ’ ಮೂರೂ ಒಂದೇ ಗಾತ್ರದಲ್ಲಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕು? ಮುಖ್ಯವಾದ ಒಂದನ್ನು ತುಂಬಿದ ಬಟನ್ ಮಾಡಿ, ಉಳಿದವು ಬರೀ ಅಕ್ಷರದಲ್ಲಿರಲಿ.

ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರಕ್ಕೆ 8, 16, 24, 32 ಪಾಯಿಂಟ್ (ಪರದೆಯ ಅಳತೆಯ ಘಟಕ) ಹೀಗೆ ಎಂಟರ ಲೆಕ್ಕ ಇಟ್ಟುಕೊಳ್ಳುವುದು ರೂಢಿ. ಸಂಬಂಧವಿರುವವು ಹತ್ತಿರ, ಇಲ್ಲದವು ದೂರ. ಇದು ಸರಿಹೋದರೆ ನಡುವೆ ಗೆರೆ ಎಳೆಯುವ ಅಗತ್ಯವೇ ಬರುವುದಿಲ್ಲ.

ಬೆರಳಿಗೆ ಜಾಗ ಬಿಡಿ

ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂಬುದನ್ನು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಸೂತ್ರವಾಗಿಸಿದ್ದರು. ಒತ್ತುವ ಜಾಗ ಕನಿಷ್ಠ 44 ಪಾಯಿಂಟ್ ಇರಲಿ ಎನ್ನುತ್ತದೆ ಆ್ಯಪಲ್. ಆಂಡ್ರಾಯ್ಡ್‌ನಲ್ಲಿ 48 ಡಿಪಿ (ಅಲ್ಲಿನ ಅಳತೆಯ ಘಟಕ). ಐಕಾನ್ 24 ಇದ್ದರೂ ಪರವಾಗಿಲ್ಲ, ಅದರ ಸುತ್ತಲಿನ ಖಾಲಿ ಜಾಗವೂ ಒತ್ತಿದರೆ ಕೆಲಸ ಮಾಡಬೇಕು.

ಫಾರ್ಮ್‌ನಲ್ಲೇ ಇದೆ ಪರೀಕ್ಷೆ

ಹೊಸಬರ ಕೆಲಸ ಸೊರಗುವುದು ಇಲ್ಲಿ. ‘ಮೊಬೈಲ್ ಸಂಖ್ಯೆ’ ಎಂಬ ಸೂಚನೆಯನ್ನು ತುಂಬುವ ಜಾಗದ ಒಳಗೇ ಮಸುಕಾಗಿ ಬರೆದು ಬಿಡುತ್ತಾರೆ. ಮೊದಲ ಅಂಕಿ ಒತ್ತಿದ ಕೂಡಲೇ ಅದು ಮಾಯ. ನಾಲ್ಕಾರು ಜಾಗಗಳಿರುವ ಫಾರ್ಮ್‌ನಲ್ಲಿ ಎಲ್ಲಿ ಏನು ತುಂಬಿದೆವು ಎಂದು ಆಮೇಲೆ ತಡಕಾಡಬೇಕು. ಈ ಸೂಚನೆ, ಅಂದರೆ ಲೇಬಲ್, ಯಾವಾಗಲೂ ಮೇಲ್ಗಡೆ, ಕಾಣುವಂತೆ ಇರಲಿ. ಸಂಖ್ಯೆ ಕೇಳುವಾಗ ಅಂಕಿಗಳ ಕೀಲಿಮಣೆಯೇ ತೆರೆದುಕೊಳ್ಳಲಿ. ಯಾರೋ ನಡುವೆ ಸ್ಪೇಸ್ ಬಿಟ್ಟರೆ ಬೈಯಬೇಡಿ. ಅದನ್ನು ತೆಗೆದುಹಾಕುವುದು ಸಾಫ್ಟ್‌ವೇರ್‌ನ ಕೆಲಸ.

ಇನ್ನು ತಪ್ಪಿನ ಸಂದೇಶ. ‘ಅಮಾನ್ಯ ಇನ್‌ಪುಟ್’ ಎಂದರೆ ಯಾರಿಗೆ ಏನು ತಿಳಿಯಿತು? ‘ಒಂದು ಅಂಕಿ ಕಡಿಮೆ ಇದೆ’ ಎನ್ನಿ. ಅದನ್ನು ಆ ಜಾಗದ ಕೆಳಗೇ ತೋರಿಸಿ, ಅದೂ ಬರೆದು ಮುಗಿಸಿದ ಮೇಲೆ. ಮೂರನೇ ಅಂಕಿಗೇ ಕೆಂಪು ಗೆರೆ ಮೂಡಿಸುವ ಆ್ಯಪ್‌ಗಳಿಗೆ ಅದೇನು ಅವಸರವೋ! ತುಂಬಿದ್ದನ್ನಂತೂ ಅಳಿಸಲೇಬೇಡಿ.

ಬಟನ್ ಒತ್ತಿದ ಮೇಲೆ ಏನಾದರೂ ಆಗುತ್ತಿದೆ ಎಂದು ಗೊತ್ತಾಗಬೇಕಲ್ಲ. ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಇದಕ್ಕೆ ಮೂರು ಮಿತಿ ಹೇಳುತ್ತಾರೆ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣವೇ ಆದಂತೆ ಅನ್ನಿಸುತ್ತದೆ. 1 ಸೆಕೆಂಡ್ ದಾಟಿದರೆ ಯೋಚನೆಯ ಓಟ ಕಡಿಯುತ್ತದೆ. 10 ಸೆಕೆಂಡ್ ಆದರೆ ಗಮನವೇ ಬೇರೆಡೆ ಹೋಗುತ್ತದೆ. ಹಾಗಾಗಿ ಒತ್ತಿದಾಕ್ಷಣ ಬಟನ್‌ನ ರೂಪ ಬದಲಾಗಲಿ. ಎರಡನೇ ಸಲ ಒತ್ತಿದರೆ ಅದೇ ಕೆಲಸ ಮತ್ತೊಮ್ಮೆ ಆಗದಿರಲಿ. ಇಂಟರ್‌ನೆಟ್ ಇಲ್ಲದಾಗ ಕಾಣುವ ಪರದೆಯನ್ನೂ ಈಗಲೇ ಬರೆದಿಡಿ.

ಈಗ ಬಣ್ಣ

ಒಂದು ಮುಖ್ಯ ಬಣ್ಣ, ಬೂದಿಯ ಕೆಲವು ಛಾಯೆಗಳು ಸಾಕು. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ತಿಳಿ–ಗಾಢ ವ್ಯತ್ಯಾಸದ ಅನುಪಾತ) ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕೆಂಬುದು ವೆಬ್ ಸುಗಮ್ಯತೆಯ, ಅಂದರೆ ಎಲ್ಲರೂ ಬಳಸುವಂತಿರಬೇಕು ಎಂಬುದರ, ಅಂತರರಾಷ್ಟ್ರೀಯ ಮಾನದಂಡ. ಬಿಳಿಯ ಮೇಲೆ #999999 ಎಂಬ ಸಂಕೇತದ ಬೂದು ನಾಜೂಕಾಗಿ ಕಾಣಬಹುದು, ಆದರೆ ಅದರ ಅನುಪಾತ 3:1ನ್ನೂ ಮುಟ್ಟುವುದಿಲ್ಲ. ಇನ್ನೂ ಗಾಢವಾದ #767676ಕ್ಕೆ ಇಳಿಸಿದರೆ ಸಾಮಾನ್ಯ ಅಕ್ಷರಕ್ಕೂ ಪಾಸ್. ಕೆಂಪು–ಹಸಿರು ವ್ಯತ್ಯಾಸ ಕಾಣದವರೂ ಇದ್ದಾರೆ. ತಪ್ಪನ್ನು ಬಣ್ಣದಲ್ಲಷ್ಟೇ ಹೇಳದೆ ಮಾತಿನಲ್ಲೂ ಹೇಳಿ.

ಬೇರೆಯವರ ಕೈಗೆ ಕೊಡಿ

ಪ್ರೊಟೊಟೈಪನ್ನು, ಅಂದರೆ ಒತ್ತಿ ನೋಡಬಹುದಾದ ಮಾದರಿಯನ್ನು, ಈ ಆ್ಯಪ್ ನೋಡಿರದವರ ಕೈಗಿಟ್ಟು, ‘ಖಾತೆ ತೆರೆಯಿರಿ’ ಎಂದಷ್ಟೇ ಹೇಳಿ ಸುಮ್ಮನಿರಿ. ‘ಅಲ್ಲಿ ಕೆಳಗೆ ನೋಡಿ’ ಎಂದು ಬಾಯಿ ಬಿಟ್ಟರೆ ಪರೀಕ್ಷೆ ಕೆಟ್ಟಿತು. ಬೆರಳು ಎಲ್ಲಿ ತಡೆಯಿತು, ಯಾವುದನ್ನು ಎರಡು ಸಲ ಓದಿದರು ಎಂಬುದನ್ನು ಗುರುತು ಹಾಕಿಕೊಳ್ಳಿ. ಒಂದು ಸುತ್ತಿಗೆ ಐದು ಜನ ಸಾಕೆಂಬುದು ನೀಲ್ಸನ್ ಅವರದೇ ಸಲಹೆ. ತಿದ್ದಿದ ಮೇಲೆ ಮುಂದಿನ ಸುತ್ತಿಗೆ ಹೊಸಬರನ್ನೇ ಕರೆಯಿರಿ, ಹಳಬರಿಗೆ ದಾರಿ ಆಗಲೇ ಗೊತ್ತಾಗಿರುತ್ತದೆ.