ಪಿಕ್ಸೆಲ್ ಸರ: ಮೊದಲು ಕರೆಂಟಿನ ಲೆಕ್ಕ, ಆಮೇಲೆ ಡೇಟಾ

ಪಿಕ್ಸೆಲ್ ಸರ ಎಂದರೆ ಪ್ರತಿ ದೀಪದಲ್ಲೂ ಕೆಂಪು, ಹಸಿರು, ನೀಲಿ ಎಲ್‌ಇಡಿ ಮತ್ತು ಒಂದು ಚಿಪ್ ಇರುವ ಅಲಂಕಾರದ ಸರ; ಯಾವ ದೀಪಕ್ಕೆ ಯಾವ ಬಣ್ಣ ಎಂಬ ಡೇಟಾವನ್ನು ಕಂಟ್ರೋಲರ್ ಕಳಿಸುತ್ತದೆ. ಬಿಳಿ ಬಣ್ಣ ಕೊಟ್ಟ ಸರ ಕೊನೆಕೊನೆಗೆ ಹಳದಿಯಾಗಿ, ಕೆಂಪಾಗಿ ಕಂಡರೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಮಲ್ಟಿಮೀಟರ್. ನೀಲಿ, ಹಸಿರು ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ 2 ಸಾಕು. ವೋಲ್ಟೇಜ್ ಇಳಿದಾಗ ನೀಲಿಯೇ ಮೊದಲು ಸೊರಗುತ್ತದೆ. ಎಲ್ಲ ಪಿಕ್ಸೆಲ್ ಪೂರ್ತಿ ಬಿಳಿ ಉರಿಯುತ್ತಿರುವಾಗಲೇ ಅಳೆಯಬೇಕು. ಆರಿಸಿಟ್ಟು ಅಳೆದರೆ ಎಲ್ಲೆಡೆ 5 ವೋಲ್ಟೇ ತೋರಿಸುತ್ತದೆ.

5 ವೋಲ್ಟಿನ ಒಂದು ಪಿಕ್ಸೆಲ್ ಪೂರ್ತಿ ಬಿಳಿಯಲ್ಲಿ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. 50ರ ಸರಕ್ಕೆ 3 ಆಂಪಿಯರ್. ಪವರ್ ಸಪ್ಲೈ 10 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 20 ಮೀಟರ್. 1 ಚದರ ಮಿ.ಮೀ. ತಾಮ್ರದಲ್ಲಿ ಅದು 0.35 ಓಮ್‌ನಷ್ಟಾಗುತ್ತದೆ. ಸರ ತಲುಪುವ ಮುಂಚೆಯೇ 1 ವೋಲ್ಟ್ ಖೋತಾ. 12 ವೋಲ್ಟ್ ಪಿಕ್ಸೆಲ್‌ಗೆ ಅಷ್ಟು ನಷ್ಟ ಲೆಕ್ಕಕ್ಕಿಲ್ಲ, ಆದರೆ ಹೆಚ್ಚುವರಿ ವೋಲ್ಟೇಜ್ ಪಿಕ್ಸೆಲ್ ಒಳಗೇ ಬಿಸಿಯಾಗಿ ಹೋಗುತ್ತದೆ, ಸಪ್ಲೈಯೂ ದೊಡ್ಡದು ಬೇಕು. ದೂರ ಇದ್ದರೆ ನನ್ನ ಆಯ್ಕೆ 12 ವೋಲ್ಟೇ.

5 ವೋಲ್ಟಿನಲ್ಲಿ ಪ್ರತಿ 50 ಪಿಕ್ಸೆಲ್‌ಗೆ, 12ರಲ್ಲಿ ಪ್ರತಿ 100ಕ್ಕೆ ಸಪ್ಲೈಯಿಂದ ಬೇರೆ ತಂತಿ ಎಳೆದು ಪವರ್ ಮತ್ತೆ ಕೊಡುತ್ತೇನೆ, ಪ್ರತಿ ಕವಲಿಗೂ ಒಂದು ಫ್ಯೂಸ್. ಬ್ರೈಟ್‌ನೆಸ್ ಶೇ. 30ಕ್ಕೇ ಇಟ್ಟರೂ ತಂತಿ, ಫ್ಯೂಸ್ ಪೂರ್ತಿ ಬಿಳಿಯ ಲೆಕ್ಕದ್ದೇ ಇರಲಿ. ಒಂದು ಎಫೆಕ್ಟ್ ತಪ್ಪಿದರೆ ಸಾಕು, ಇಡೀ ಸರ ಬೆಳ್ಳಗೆ ಹೊತ್ತಿಕೊಳ್ಳುತ್ತದೆ. ಎರಡು ಸಪ್ಲೈ ಸೇರುವ ಜಾಗದಲ್ಲಿ ಪ್ಲಸ್ ತಂತಿ ಕತ್ತರಿಸಿ. ಗ್ರೌಂಡ್, ಡೇಟಾ ಮುಂದುವರಿಯಬೇಕು. ಗ್ರೌಂಡ್ ಬಿಟ್ಟುಹೋದರೆ ಬಣ್ಣಗಳು ಹುಚ್ಚುಹುಚ್ಚಾಗಿ ಮಿಣುಕುತ್ತವೆ, ಎಷ್ಟೋ ಜನ ಅದನ್ನು ಕಂಟ್ರೋಲರ್ ದೋಷವೆಂದೇ ತಿಳಿಯುತ್ತಾರೆ.

ಡೇಟಾ ಕಡೆ ಬಂದರೆ, ಕಂಟ್ರೋಲರ್ ಆಗಿ ಬಳಸುವ ಇಎಸ್‌ಪಿ32 ಚಿಪ್ ಡೇಟಾ ತಂತಿಗೆ ಕೊಡುವುದು 3.3 ವೋಲ್ಟ್. 5 ವೋಲ್ಟಿನ ಡಬ್ಲ್ಯುಎಸ್2812ಬಿ ಮಾದರಿಯ ಪಿಕ್ಸೆಲ್ ಕೇಳುವುದು ಕನಿಷ್ಠ 3.5. ಮೇಜಿನ ಮೇಲೆ ಚೆನ್ನಾಗಿಯೇ ನಡೆಯುತ್ತದೆ, ಉದ್ದ ತಂತಿ ಹಾಕಿದ ಕೂಡಲೇ ಕೈಕೊಡುತ್ತದೆ. ನಡುವೆ 74ಎಎಚ್‌ಸಿಟಿ125 ಚಿಪ್ ಹಾಕಿ 5 ವೋಲ್ಟಿಗೆ ಏರಿಸಿ, ಅದರ ಔಟ್‌ಪುಟ್ ಬುಡದಲ್ಲೇ 33ರಿಂದ 100 ಓಮ್ ರೆಸಿಸ್ಟರ್ ಇಡಿ. ಮೊದಲ ಪಿಕ್ಸೆಲ್ ತೀರಾ ದೂರವಿದ್ದರೆ ದಾರಿ ಮಧ್ಯೆ ಒಂದು ಪಿಕ್ಸೆಲ್ ಕೂರಿಸಿ, ಅದನ್ನು ಸದಾ ಆರಿಸಿಡುವಂತೆ ಕಂಟ್ರೋಲರ್‌ನಲ್ಲಿ ನಲ್ ಪಿಕ್ಸೆಲ್ ಎಂದು ನಮೂದಿಸಿ. ಸಿಗ್ನಲ್ ಅಲ್ಲಿ ಹೊಸದಾಗಿ ಹೊರಡುತ್ತದೆ. ಒಂದು ಪಿಕ್ಸೆಲ್‌ನ ಡೇಟಾಗೆ 30 ಮೈಕ್ರೊಸೆಕೆಂಡ್ ಬೇಕು. ಸೆಕೆಂಡಿಗೆ 40 ಫ್ರೇಮ್ ಬೇಕೆಂದರೆ ಕಂಟ್ರೋಲರ್‌ನ ಒಂದು ಪೋರ್ಟಿಗೆ (ಡೇಟಾ ಹೊರಡುವ ಒಂದು ಕಿಂಡಿಗೆ) 800 ಪಿಕ್ಸೆಲ್ ಮಿತಿ.

ತಂತಿಯ ಬಣ್ಣ ನಂಬಬೇಡಿ, ಮಾಲಿನ ಒಂದೊಂದು ಲಾಟ್‌ಗೂ ಒಂದೊಂದು ಥರ ಬರುತ್ತದೆ. ಪಿಕ್ಸೆಲ್ ಬೋರ್ಡಿನ ಮೇಲೆ ಡೇಟಾ ಹರಿಯುವ ದಿಕ್ಕು ತೋರಿಸುವ ಬಾಣದ ಗುರುತು ನೋಡಿಯೇ ಬೆಸುಗೆ ಹಾಕಿ. ಕನೆಕ್ಟರ್ ಬಾಯಿ ಕೆಳಮುಖವಾಗಿರಲಿ. ಸರದ ಬಾಲವನ್ನೂ ಮುಚ್ಚಿ, ಕರೆಂಟು ಇರುವ ತುದಿಗೆ ನೀರು ತಾಗಿದರೆ ತಾಮ್ರ ಹಸಿರುಗಟ್ಟುತ್ತದೆ. ಮುಚ್ಚಲು ಬಳಸುವ ಸಿಲಿಕೋನ್ ಅಂಟು ವಿನಿಗರ್ ವಾಸನೆಯದಾದರೆ ತಾಮ್ರವನ್ನೇ ತಿನ್ನುತ್ತದೆ, ನ್ಯೂಟ್ರಲ್ ಕ್ಯೂರ್ ಎಂದಿರುವುದನ್ನು ತನ್ನಿ.

ಒಂದು ಜಾಗದಿಂದ ಮುಂದಕ್ಕೆಲ್ಲ ಕತ್ತಲಾದರೆ, ಆರಿದ ಮೊದಲ ಪಿಕ್ಸೆಲ್ ಬದಲಿಸಿ. ಆಗಲೂ ಹೊತ್ತದಿದ್ದರೆ ಅದರ ಹಿಂದಿನದನ್ನು ಬದಲಿಸಿ. ತಾನು ಉರಿಯುತ್ತಲೇ ಡೇಟಾ ಮುಂದೆ ಬಿಡದೆ ಕೂತಿರುವುದು ಅದೇ.