ಗೋಮಾಳದ ಹಕ್ಕಿಗಳ ನೆಲೆಯನ್ನು ಉಳಿಸಿಕೊಳ್ಳುವ ಬಗೆ

ಬಯಲುಸೀಮೆಯ ಹುಲ್ಲುಗಾವಲು ವರ್ಷದ ಬಹುಪಾಲು ಒಣಗಿ ನಿಲ್ಲುವುದರಿಂದ ಕಡತಗಳಲ್ಲಿ ಅದು ಬಹುಬೇಗ ‘ಬೀಳು ಭೂಮಿ’ಯಾಗಿಬಿಡುತ್ತದೆ, ಒಮ್ಮೆ ಹಾಗೆ ಬರೆದಾದ ಮೇಲೆ ಅದನ್ನು ಹಂಚಲು, ಉಳಲು, ಅಗೆಯಲು ಯಾರಿಗೂ ಅಳುಕಿರುವುದಿಲ್ಲ. ಎರೆಭೂತವೆಂದೂ ಕರೆಯಲಾಗುವ ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಂಬ ದೊಡ್ಡ ಹಕ್ಕಿ ಇಂಥ ಬಯಲಿನ ಬರಿ ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. 2011ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯ ತೀವ್ರ ಅಪಾಯದ ವರ್ಗದಲ್ಲಿರುವ ಈ ಹಕ್ಕಿ ಕರ್ನಾಟಕದಲ್ಲಿ ಈಗ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಜೆಸಿಬಿಗೆ ಅಡ್ಡ ನಿಲ್ಲುವುದಕ್ಕಿಂತ, ಅದು ಬರುವ ಮೊದಲೇ ಹಕ್ಕಿಯನ್ನು ಕಡತಕ್ಕೆ ಸೇರಿಸುವುದು ಹೆಚ್ಚು ಫಲ ಕೊಡುತ್ತದೆ.

ಮೊದಲು ನೆಲದ ಜಾತಕವನ್ನು ತಿಳಿಯಬೇಕು. ಸರ್ಕಾರದ ಭೂನಕಾಶೆಯ ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರ್ ಗುರುತಿಸಿ, ಪಹಣಿ ಮತ್ತು ಗ್ರಾಮ ನಕಾಶೆಯ ಪ್ರತಿಗಳನ್ನು ಪಡೆದು, ಅದು ಗೋಮಾಳವೋ, ಅಮೃತಮಹಲ್ ಕಾವಲೋ (ಆ ತಳಿಯ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲು), ಅರಣ್ಯವೋ, ಖಾಸಗಿ ಹಿಡುವಳಿಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಗೋಮಾಳವಾಗಿದ್ದರೆ ನಿಮ್ಮ ಕೈಯಲ್ಲಿ ಬಲವಾದ ಆಧಾರವೊಂದಿದೆ: 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಮೇವಿನ ನೆಲವನ್ನು ಕಾಯ್ದಿರಿಸಬೇಕು. ಊರಿನ ಜಾನುವಾರು ಸಂಖ್ಯೆ, ಈಗಿರುವ ಗೋಮಾಳದ ವಿಸ್ತೀರ್ಣ, ಅದನ್ನು ಕಡಿಮೆ ಮಾಡುವ ಅಥವಾ ಮಂಜೂರು ಮಾಡುವ ಪ್ರಸ್ತಾವಗಳು ಬಾಕಿ ಇವೆಯೇ ಎಂಬ ವಿವರಗಳನ್ನು ಮಾಹಿತಿ ಹಕ್ಕಿನಡಿ ಕೇಳಿ. 30 ದಿನಗಳೊಳಗೆ ಉತ್ತರ ಬರಬೇಕು. ಲೆಕ್ಕದಲ್ಲಿ ಕೊರತೆ ಕಂಡರೆ ಆಕ್ಷೇಪಣೆಯಲ್ಲಿ ಅದನ್ನೇ ಮೊದಲು ಬರೆಯಿರಿ. ಹಕ್ಕಿಯ ಹೆಸರಿಗೆ ಅಲುಗದ ಕಚೇರಿಯೂ ದನದ ಲೆಕ್ಕಕ್ಕೆ ಉತ್ತರಿಸಲೇಬೇಕಾಗುತ್ತದೆ, ಮತ್ತು ಈ ವಾದದಲ್ಲಿ ಕುರಿಗಾಹಿಗಳೂ ರೈತರೂ ನಿಮ್ಮ ಜೊತೆಗಿರುತ್ತಾರೆ.

ಹಕ್ಕಿಗಳ ದಾಖಲೆಯನ್ನು ಒಂದೇ ಋತುವಿಗೆ ನಿಲ್ಲಿಸಬೇಡಿ. ನೆಲದ ಮೇಲೆ ಮೊಟ್ಟೆಯಿಡುವ ಹಲವು ಹಕ್ಕಿಗಳು ಕಾಣುವುದು ಮಳೆಗಾಲದಲ್ಲಿ. ಹುಲ್ಲಿನ ನಡುವೆ ರಾತ್ರಿ ತಂಗುವ ಸೆಳೆವಗಳೆಂಬ (ಹ್ಯಾರಿಯರ್) ಬೇಟೆಹಕ್ಕಿಗಳು ಬರುವುದು ಚಳಿಗಾಲಕ್ಕೆ. ದಿನಾಂಕ, ಸ್ಥಳಾಂಕ ಮತ್ತು ಚಿತ್ರದೊಂದಿಗೆ, ಹಕ್ಕಿ ವೀಕ್ಷಕರ ಆನ್‌ಲೈನ್ ದಾಖಲೆತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸಿ. ಹೆಬ್ಬಕದಂಥ ಸೂಕ್ಷ್ಮ ಪ್ರಭೇದಗಳ ನಿಖರ ಜಾಗವನ್ನು ಅಲ್ಲಿ ಮರೆಮಾಡಲಾಗುತ್ತದೆ, ಆದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅಂಥ ರಕ್ಷಣೆಯಿಲ್ಲ. ಮೊಟ್ಟೆಯಿರುವ ಜಾಗವನ್ನು ಅರಣ್ಯ ಇಲಾಖೆಗೆ ಹೊರತು ಯಾರಿಗೂ ತಿಳಿಸಬಾರದು, ಚಿತ್ರಕ್ಕಾಗಿ ಹತ್ತಿರ ಹೋಗಲೂಬಾರದು.

ಈ ದಾಖಲೆಯನ್ನು 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿ ಮಟ್ಟದಲ್ಲಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಟ್ಟು, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸರ್ವೆ ನಂಬರ್ ಸಮೇತ ಸೇರಿಸಲು ಕೋರಿ. ಅನೇಕ ಕಡೆ ಈ ಸಮಿತಿ ಹೆಸರಿಗಷ್ಟೇ ಇರುವುದರಿಂದ ಗ್ರಾಮಸಭೆಯಲ್ಲೂ ನಿರ್ಣಯ ಮಾಡಿಸಿ, ನಡಾವಳಿಯ ದೃಢೀಕೃತ ಪ್ರತಿಯನ್ನು ಇಟ್ಟುಕೊಳ್ಳಿ. ಸರ್ಕಾರಿ ಜಮೀನಾದರೆ ವನ್ಯಜೀವಿ ಕಾಯ್ದೆಯಡಿ ಸಂರಕ್ಷಣಾ ಮೀಸಲು, ಮಾಲೀಕರು ತಾವಾಗಿ ಒಪ್ಪುವ ಖಾಸಗಿ ಅಥವಾ ಸಮುದಾಯದ ಜಮೀನಾದರೆ ಸಮುದಾಯ ಮೀಸಲು ಘೋಷಿಸುವಂತೆ ಮನವಿ ಸಲ್ಲಿಸಬಹುದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾದುದು ಇದೇ ದಾರಿಯಲ್ಲಿ. ಹೆಸರು ಕೃಷ್ಣಮೃಗದ್ದಾದರೂ ನೆಲ ಹಕ್ಕಿಗಳಿಗೂ ಉಳಿಯಿತು.

ಎರಡು ಬಗೆಯ ಯೋಜನೆಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಸೌರ ವಿದ್ಯುತ್ ಸ್ಥಾವರಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಿಂದ ವಿನಾಯಿತಿ ಇರುವುದರಿಂದ ಸಾರ್ವಜನಿಕ ಆಲಿಕೆಯೇ ನಡೆಯದೆ ಕೆಲಸ ಶುರುವಾಗಬಹುದು. ಇನ್ನೊಂದು, ಗಿಡ ನೆಡುವ ಕಾರ್ಯಕ್ರಮ. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ನೀಲಗಿರಿ, ಅಕೇಶಿಯಾ ನೆಡುವುದೂ ನೆಲೆಯನ್ನು ಕಡಿದಂತೆಯೇ, ಏಕೆಂದರೆ ಹೆಬ್ಬಕಕ್ಕೆ ದೂರದವರೆಗೆ ಕಾಣುವ ತೆರೆದ ಬಯಲೇ ಬೇಕು. ಸದುದ್ದೇಶದಿಂದ ಬರುವ ಈ ಕೆಲಸವನ್ನು ತಡೆಯುವುದು ಗಣಿಗಾರಿಕೆಯನ್ನು ತಡೆಯುವುದಕ್ಕಿಂತ ಮುಜುಗರದ್ದು, ಆದರೂ ಲಿಖಿತ ಆಕ್ಷೇಪಣೆ ಕೊಡಲೇಬೇಕು.

ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10,000 ಎಕರೆ ಕಾವಲು ಭೂಮಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೂ ಇತರರಿಗೂ ಹಂಚಿಕೆಯಾದ ಮೇಲೆ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಹಂಚಿಕೆಯ ನಂತರದ ಹೋರಾಟ ಎಷ್ಟು ದುಬಾರಿ ಎಂಬುದು ಅಲ್ಲಿನವರಿಗೆ ಗೊತ್ತು. ಯಂತ್ರ ಬಂದೇಬಿಟ್ಟರೆ ಸ್ಥಳಾಂಕವಿರುವ ಚಿತ್ರಗಳನ್ನು ತೆಗೆದು, ತಹಶೀಲ್ದಾರರಿಗೂ ವಲಯ ಅರಣ್ಯಾಧಿಕಾರಿಗೂ ಅದೇ ದಿನ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನ್ಯಾಯಮಂಡಳಿಯ ಮೊರೆಹೋಗಲು ವಿವಾದದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳ ಗಡುವಿದೆ. ವನ್ಯಜೀವಿ ಕಾಯ್ದೆ ಅದರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅರ್ಜಿಯನ್ನು ಜೀವವೈವಿಧ್ಯ, ಅರಣ್ಯ ಸಂರಕ್ಷಣೆ ಅಥವಾ ಪರಿಸರ ಸಂರಕ್ಷಣಾ ಕಾಯ್ದೆಯ ಆಧಾರದ ಮೇಲೆ ಸಿದ್ಧಪಡಿಸುವಂತೆ ವಕೀಲರಿಗೆ ತಿಳಿಸಿ, ಮೇಲಿನ ದಾಖಲೆಗಳನ್ನೆಲ್ಲ ಅದರೊಂದಿಗೆ ಲಗತ್ತಿಸಿ.