ಸ್ಕ್ಯಾನ್ ಮಾಡೋನ ಹೊಟ್ಟೇಲೂ ಒಂದು ಕಲ್ಲು

ನಾನು ಹಾಸನದಲ್ಲಿ ಸ್ಕ್ಯಾನಿಂಗ್ ಡಾಕ್ಟ್ರು. ಹದಿನೆಂಟು ವರ್ಷದಿಂದ ಕತ್ತಲೆ ರೂಮಲ್ಲಿ ಕೂತು ಜನರ ಹೊಟ್ಟೆಗೆ ಜೆಲ್ ಹಚ್ಚೋದೇ ಕೆಲಸ. ಖಾಲಿ ಹೊಟ್ಟೇಲಿ ಬನ್ನಿ ಅಂದ್ರೂ "ಬರೀ ಕಾಫಿ ಕುಡ್ದೆ ಸಾರ್" ಅಂತ ಬರ್ತಾರೆ, ಆ ಹಾಲಿಗೇ ಪಿತ್ತಕೋಶ, ಅಂದ್ರೆ ಲಿವರ್ ಕೆಳಗಿರೋ ಪಿತ್ತದ ಚೀಲ, ಹಿಂಡ್ಕೊಂಡು ಮುದುರಿ ಕೂತಿರತ್ತೆ, ಒಳಗೆ ಕಲ್ಲಿದ್ಯೋ ಇಲ್ವೋ ಸರಿಯಾಗಿ ಕಾಣಲ್ಲ, ನಾಳೆ ಬನ್ನಿ ಅಂತ ಕಳ್ಸಿ ಬೈಸ್ಕೊಳ್ಳೋನು ನಾನು.

2014ರಲ್ಲಿ ಹೊಸ ಮಷೀನ್ ತಗೊಂಡ್ವಿ. ತೋರ್ಸೋಕೆ ಬಂದಿದ್ದ ಎಂಜಿನಿಯರ್ ಹುಡುಗ ಯಾರಾದ್ರೂ ಮಲ್ಕೊಳ್ಳಿ ಸಾರ್ ಅಂದ, ಎಲ್ರೂ ತಿಂಡಿ ತಿಂದಿದ್ರು, ಶನಿವಾರ ಒಪ್ಪೊತ್ತು ಮಾಡೋನು ನಾನೊಬ್ನೇ. ಸರಿ ಅಂತ ನಾನೇ ಮಲ್ಕೊಂಡು ಪ್ರೋಬ್ ಬಲ ಪಕ್ಕೆಲುಬಿನ ಕೆಳಗಿಟ್ಟೆ. ಕಪ್ಪು ಚೀಲದ ತಳದಲ್ಲಿ ಅವರೆಕಾಳಿನಷ್ಟು ಬೆಳ್ಳಗೆ ಏನೋ ಹೊಳೀತು, ಅದರ ಹಿಂದೆ ಬಾಲದ ಥರ ಕಪ್ಪು ನೆರಳು. ಪಾಲಿಪ್, ಅಂದ್ರೆ ಒಳಗೋಡೇಲಿ ಬೆಳೆಯೋ ಸಣ್ಣ ಗಂಟು ಇರ್ಬೋದಾ ಅಂತ ಎಡಗಡೆ ಹೊರಳಿದೆ, ಪಾಲಿಪ್ ಆದ್ರೆ ಅಂಟ್ಕೊಂಡಲ್ಲೇ ಇರತ್ತೆ, ಇದು ಉರುಳ್ಕೊಂಡು ಇನ್ನೊಂದ್ ಕಡೆ ಹೋಯ್ತು. ಕಲ್ಲೇ. 11 ಮಿಲಿಮೀಟರ್. ಎಂಜಿನಿಯರ್ ಮಾತ್ರ "ಪಿಕ್ಚರ್ ಕ್ಲಿಯರಾಗಿದೆ ಅಲ್ವಾ ಸಾರ್" ಅಂತ ಖುಷೀಲಿದ್ದ.

ಗಾಬರಿ ಆಗ್ಲಿಲ್ಲ ಅಂದ್ರೆ ಸುಳ್ಳು. ಆದ್ರೆ ಇದು ಎಷ್ಟು ಜನರಲ್ಲಿ ಸಿಗತ್ತೆ ಅಂತ ದಿನಾ ನೋಡೋನು ನಾನು. ಅಮೆರಿಕ ಯುರೋಪ್ ಕಡೆ ದೊಡ್ಡೋರಲ್ಲಿ ನೂರಕ್ಕೆ 10ರಿಂದ 15 ಜನಕ್ಕೆ ಪಿತ್ತಕೋಶದಲ್ಲಿ ಕಲ್ಲಿರತ್ತೆ. ನಮ್ಮ ದೇಶದಲ್ಲಿ ಉತ್ತರದ ಕಡೆ ಜಾಸ್ತಿ, ದಕ್ಷಿಣದಲ್ಲಿ ಕಮ್ಮಿ. 1968ರಲ್ಲಿ ರೈಲ್ವೆ ನೌಕರರ ಮೇಲೆ ಪ್ರಕಟವಾದ ಅಧ್ಯಯನದಲ್ಲಿ ಉತ್ತರದೋರಲ್ಲಿ ಏಳು ಪಟ್ಟು ಹೆಚ್ಚು ಅಂತ ಬಂದಿತ್ತು, ಆಗ ನಮ್ ಥರ ಸ್ಕ್ಯಾನ್ ಇರ್ಲಿಲ್ಲ ಅನ್ನೋದು ಬೇರೆ ಮಾತು. ಹೆಂಗಸರಲ್ಲಿ ಹೆಚ್ಚು, ಬಸುರಿ ಆದಾಗ, ದಢಕ್ಕಂತ ತೂಕ ಇಳ್ಸಿದಾಗಲೂ ಆಗತ್ತೆ. ಮುಖ್ಯ ವಿಷ್ಯ ಏನಪ್ಪಾ ಅಂದ್ರೆ ಕಲ್ಲಿರೋರಲ್ಲಿ ಸುಮಾರು 80% ಜನಕ್ಕೆ ಏನೂ ತೊಂದ್ರೆನೇ ಇರಲ್ಲ. ಮಿಶಿಗನ್ ಯೂನಿವರ್ಸಿಟೀಲಿ ಹಿಂಗೇ ಸುಮ್ನಿದ್ದ ಕಲ್ಲಿನ 123 ಜನನ್ನ ವರ್ಷಗಟ್ಲೆ ನೋಡಿ 1982ರಲ್ಲಿ ಬರೆದ್ರು, 20 ವರ್ಷ ಆದ್ರೂ ನೋವು ಬಂದಿದ್ದು 18%ಗೆ ಮಾತ್ರ. ನಾನೂ ಆ ಗುಂಪಿಗೇ ಸೇರ್ಕೊಂಡು ಸುಮ್ನಾದೆ, ಮನೇಲೂ ಹೇಳ್ಲಿಲ್ಲ.

ಐದು ವರ್ಷ ಸುಮ್ನಿತ್ತು. 2019ರಲ್ಲಿ ಅಣ್ಣನ ಮಗಳ ಮದ್ವೆ ಆಗಿ ಬೀಗರ ಊಟ, ಮಟನ್ನು, ಬೋಟಿ, ತುಪ್ಪದನ್ನ, ಯಾವ್ದನ್ನೂ ಬಿಡ್ಲಿಲ್ಲ. ರಾತ್ರಿ ಒಂದೂವರೆಗೆ ಎಚ್ಚರ ಆಯ್ತು. ಎದೆಗೂಡಿನ ಕೆಳಗೆ ಮಧ್ಯದಲ್ಲಿ ಯಾರೋ ಮುಷ್ಟಿ ಒತ್ತಿ ಹಿಡ್ದಂಗೆ, ಬಲ ಹೆಗಲಿನ ಹಿಂದಕ್ಕೂ ಎಳೀತಿತ್ತು, ಹೆಂಗ್ ಮಲಗಿದ್ರೂ ಆಗ್ಲಿಲ್ಲ, ಒಂದ್ಸಲ ವಾಂತಿನೂ ಆಯ್ತು. ನಾನು ಮಾಡಿದ್ದೇನು ಗೊತ್ತಾ, ಗ್ಯಾಸ್ ಇರ್ಬೇಕು ಅಂತ ಜೀರಿಗೆ ನೀರು, ಒಂದು ಗ್ಯಾಸ್ ಮಾತ್ರೆ! ದಿನಾ ಜನಕ್ಕೆ ಪಾಠ ಹೇಳೋನು. ಮೂರೂವರೆಗೆ ನೋವು ಬಂದಂಗೇ ಹೋಯ್ತು, ಆಮೇಲೆ ತಲೆಗೆ ಹೊಳೀತು. ಬೆಳಿಗ್ಗೆ ಹೋಗಿ ಇಸಿಜಿ ಮಾಡಿಸ್ಕೊಂಡು, ನಾನೇ ಸ್ಕ್ಯಾನ್ ಮಾಡ್ಕೊಂಡೆ, ಪಿತ್ತಕೋಶದ ಗೋಡೆ ದಪ್ಪ ಆಗಿರ್ಲಿಲ್ಲ, ಪಿತ್ತ ಹರಿಯೋ ನಾಳನೂ ಸರಿಯಿತ್ತು, ಕಲ್ಲು ಮಾತ್ರ ಪಿತ್ತಕೋಶದ ಕತ್ತಿನ ಹತ್ರ ಬಂದು ಕೂತಿತ್ತು.

ಅವತ್ತಿಂದ ನಾನು ಕೇಳೋ ಪ್ರಶ್ನೆ ಬದಲಾಯ್ತು. ಮೊದ್ಲು ಕಲ್ಲಿದೆ ಅಂತ ಬರೆದು ಕಳಿಸ್ತಿದ್ದೆ, ಈಗ ನೋವು ಬಂದ್ರೆ ಎಷ್ಟ್ ಹೊತ್ತಿರತ್ತೆ, ಯಾವಾಗ ಬಂತು, ಎಲ್ಲಿಗೆ ಎಳೀತು ಅಂತ ಕೂರಿಸ್ಕೊಂಡು ಕೇಳ್ತೀನಿ. ಹೊಟ್ಟೆ ಉಬ್ಬರ, ತೇಗು, ಹುಳಿ ತೇಗು ಕಲ್ಲಿಲ್ದೇ ಇರೋರಲ್ಲೂ ಅಷ್ಟೇ ಇರತ್ತೆ, ಅದಕ್ಕೋಸ್ಕರ ಪಿತ್ತಕೋಶ ತೆಗೆಸ್ಕೊಂಡು ಆರು ತಿಂಗಳಾದ್ಮೇಲೆ "ಗ್ಯಾಸ್ ಹೋಗ್ಲೇ ಇಲ್ಲ ಸಾರ್" ಅಂತ ಮತ್ತೆ ನನ್ ಹತ್ರಾನೇ ಬರ್ತಾರೆ. ಅರ್ಧ ಗಂಟೆ ಮೇಲೆ ಬಿಡದೆ ಹಿಡಿದು, ಕೆಲವು ಗಂಟೆ ಕಾಡಿ, ಪೂರ್ತಿ ಹೋಗಿ, ಮತ್ತೆ ಬರೋ ನೋವಾದ್ರೆ ಅದು ಬೇರೆ ಕಥೆ, ಕಲ್ಲಿಂದೇ ಇರ್ಬೋದು. ಆರು ಗಂಟೆ ಆದ್ರೂ ಬಿಡದಿದ್ರೆ, ಚಳಿ ಜ್ವರ ಬಂದ್ರೆ, ಕಣ್ಣು ಹಳದಿ ಆದ್ರೆ ನನ್ನ ಕ್ಯೂನಲ್ಲಿ ಕೂರ್ಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ಹೋಗಿ.

ನಂಗೆ ಒಂದೂವರೆ ತಿಂಗಳಲ್ಲಿ ಎರಡ್ನೇ ಸಲ ಬಂತು. ಅಷ್ಟೊತ್ತಿಗೆ ಭಾವಮೈದ ವಾಟ್ಸಾಪಲ್ಲಿ ಕಳಿಸಿದ್ದ, ಆಲಿವ್ ಎಣ್ಣೆಗೆ ನಿಂಬೆರಸ ಹಾಕಿ ಕುಡೀರಿ, ಕಲ್ಲು ಹಸಿರಾಗಿ ಹೊರಗೆ ಬೀಳತ್ತೆ ಅಂತ. ಬೀಳೋದೇನೋ ಬೀಳತ್ತೆ, ಅದು ಕಲ್ಲಲ್ಲ, ಆ ಎಣ್ಣೆನೇ ಹೊಟ್ಟೇಲಿ ಸೋಪಿನ ಉಂಡೆ ಆಗಿರತ್ತೆ. ನಾನು ಲ್ಯಾಪರೋಸ್ಕೋಪಿಲಿ ಪಿತ್ತಕೋಶನೇ ತೆಗೆಸ್ಕೊಂಡೆ, ಹೊಟ್ಟೇಲಿ ನಾಲ್ಕು ಸಣ್ಣ ತೂತು, ಮಾರನೇ ದಿನ ಮನೆ. ಈ ಆಪರೇಷನ್ ನಮ್ಮ ದೇಶಕ್ಕೆ ಬಂದಿದ್ದೇ 1990ರಲ್ಲಿ ಮುಂಬೈಗೆ, ಅದಕ್ಕೆ ಮುಂಚೆ ಆಗಿದ್ರೆ ಗೇಣುದ್ದ ಕೊಯ್ತಿದ್ರು. ಮೂರು ದಿನ ಹೆಗಲು ನೋವಿತ್ತು, ಹೊಟ್ಟೆಗೆ ತುಂಬೋ ಗ್ಯಾಸಿಂದ, ಅದು ಮಾತ್ರ ನಿಜವಾದ ಗ್ಯಾಸು.

ಸರ್ಜನ್ ಕಲ್ಲನ್ನ ಸಣ್ಣ ಬಾಟ್ಲೀಲಿ ಹಾಕಿ ಕೊಟ್ರು, ನಮ್ ಕಡೆ ಜಾಸ್ತಿ ಸಿಗೋ ಕಪ್ಪು ಜಾತೀದು. ಟೇಬಲ್ ಡ್ರಾಯರ್‌ನಲ್ಲಿದೆ. ಬಾಳೆದಿಂಡು ತಿಂದ್ರೆ ಕರಗತ್ತಾ ಅಂತ ಕಿಡ್ನಿ ಕಲ್ಲಿನ ಲೆಕ್ಕದಲ್ಲಿ ಕೇಳೋರಿಗೆ ತೋರಿಸ್ತೀನಿ. ಮೊನ್ನೆ ಒಬ್ಬ ಅಜ್ಜಿ ಬಾಟ್ಲಿ ಅಲ್ಲಾಡಿಸಿ, ಕಣ್ಣ ಹತ್ರ ಹಿಡ್ದು ನೋಡಿ, "ಇಷ್ಟೇಯಾ ಮಗ? ಇದ್ಕಾ ಅಷ್ಟು ದುಡ್ ಇಸ್ಕೊಂಡ್ರು ನಿನ್ ತಾವ?" ಅಂದ್ಬಿಡ್ತು.